ಪದಸಂಸ್ಕರಣದ ಎರಡನೆಯ ಮೆಟ್ಟಿಲು

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಚಿಂತಾಕಿ ಎಂಬ ಹೋಬಳಿಯ ಗ್ರಾಮವಿದೆ. ತೆಲಂಗಾಣದ ಗಡಿ ಅದಕ್ಕೆ ಸಮೀಪ. ಮಹಾರಾಷ್ಟ್ರವೂ ಬಹು ದೂರವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಈ ಪ್ರದೇಶವು ಹೈದರಾಬಾದಿಗೆ ಸೇರಿದ್ದಿತು. ಆದಕಾರಣ ಇಲ್ಲಿಯ ಮನೆಗಳಲ್ಲಿ ಹಳೆಯ ಕಾಗದಪತ್ರಗಳ ಪೆಟ್ಟಿಗೆಯನ್ನು ತೆರೆದರೆ ಅಜ್ಜನ ಕಾಲದ ಉರ್ದು ದಸ್ತಾವೇಜು, ನೆಂಟರ ಮರಾಠಿ ಅಥವಾ ತೆಲುಗು ಪತ್ರ, ಮಕ್ಕಳ ಕನ್ನಡ ಅಂಕಪಟ್ಟಿ ಇವೆಲ್ಲವೂ ಒಟ್ಟಿಗೆ ದೊರೆಯುವುದುಂಟು. ಇಂಥ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಬರವಣಿಗೆಯ ಯಂತ್ರವು ಎಷ್ಟು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಕಲ್ಪ ವರದಿಯನ್ನು ನನಗೆ ತೋರಿಸಲು ತಂದಿದ್ದಳು. ನಲವತ್ತು ಪುಟಗಳ ವರದಿ, ಪ್ರಯೋಗಗಳೆಲ್ಲವೂ ಅಚ್ಚುಕಟ್ಟಾಗಿದ್ದವು. ಐದನೆಯ ಪುಟದಲ್ಲಿ ಒಂದು ನಕ್ಷೆಯನ್ನು ಸೇರಿಸುವಂತೆ ನಾನು ಹೇಳಿದೆ. ಮರುದಿನ ಅವಳು ನಿದ್ದೆಗೆಟ್ಟ ಕಣ್ಣುಗಳಿಂದ ಬಂದಳು. ನಕ್ಷೆ ಸೇರಿದೊಡನೆ ಮುಂದಿನ ಶೀರ್ಷಿಕೆಗಳೆಲ್ಲ ಕೆಳಕ್ಕೆ ಜಾರಿದ್ದವು. ಪರಿವಿಡಿಯಲ್ಲಿ ಕೈಯಿಂದ ಬರೆದಿದ್ದ ಪುಟಸಂಖ್ಯೆಗಳೆಲ್ಲ ತಪ್ಪಾಗಿದ್ದವು. ಅವುಗಳನ್ನು ಒಂದೊಂದಾಗಿ ತಿದ್ದುವುದರಲ್ಲಿ ರಾತ್ರಿ ಕಳೆದಿತ್ತು. ಆ ರಾತ್ರಿಯ ಶ್ರಮದಲ್ಲಿ ಭೌತವಿಜ್ಞಾನದ ಅಂಶ ಲವಲೇಶವೂ ಇರಲಿಲ್ಲ. ತಪ್ಪು ಅವಳದಲ್ಲ. ಬೆರಳಚ್ಚು ಮಾಡುವುದನ್ನು ಅವಳಿಗೆ ಕಲಿಸಿದ್ದರು. ಅದರ ಮುಂದಿನ ಮೆಟ್ಟಿಲನ್ನು ಯಾರೂ ತೋರಿಸಿರಲಿಲ್ಲ.

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಪದಸಂಸ್ಕರಣವನ್ನು ಆರಂಭದ, ಮಧ್ಯಮ ಮತ್ತು ಉನ್ನತ ಎಂಬ ಹಂತಗಳಲ್ಲಿ ಕಲಿಸುವ ಪದ್ಧತಿಯುಂಟು. ಆ ಬಗೆಯ ಕಾಲೇಜುಗಳಲ್ಲಿ ಹಳೆಯದು 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ನಮ್ಮಲ್ಲಿ ಈ ವಿಭಾಗ ಅಷ್ಟು ಸ್ಪಷ್ಟವಾಗಿಲ್ಲ. ಆದರೆ ಮಧ್ಯಮ ಹಂತದಲ್ಲಿ ಕಲಿಯಬೇಕಾದುದೇನು, ಅದರ ಹಿಂದಿರುವ ತತ್ತ್ವವೇನು ಎಂಬುದನ್ನು ಯಾವ ವಿದ್ಯಾರ್ಥಿಯಾದರೂ ತಿಳಿಯಬಹುದು.

ಯಂತ್ರದ ಕಥೆ

1874ರಲ್ಲಿ ರೆಮಿಂಗ್ಟನ್ ಸಂಸ್ಥೆಯು ಶೋಲ್ಸ್ ಎಂಬಾತನ ಬೆರಳಚ್ಚು ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಅಕ್ಷರವು ಕಾಗದದ ಮೇಲೆ ಬಿದ್ದ ಕ್ಷಣದಲ್ಲಿಯೇ ಅದರ ಸ್ಥಾನ ನಿಶ್ಚಿತವಾಗುತ್ತಿತ್ತು. ಮತ್ತೆ ಅದು ಕದಲುವಂತಿರಲಿಲ್ಲ. ಶೀರ್ಷಿಕೆಯನ್ನು ನಡುವೆ ತರಬೇಕಾದರೆ ಖಾಲಿ ಜಾಗದ ಕೀಲಿಯನ್ನು ಎಣಿಸಿ ಒತ್ತಬೇಕಾಗಿತ್ತು. 1964ರಲ್ಲಿ ಐಬಿಎಂ ಸಂಸ್ಥೆಯು ಒತ್ತಿದ ಅಕ್ಷರಗಳನ್ನು ಕಾಂತೀಯ ಪಟ್ಟಿಯ ಮೇಲೆ ಸಂಗ್ರಹಿಸುವ ಯಂತ್ರವನ್ನು ಹೊರತಂದಿತು. ತಪ್ಪನ್ನು ಪಟ್ಟಿಯಲ್ಲಿ ತಿದ್ದಿದರೆ ಯಂತ್ರವೇ ಶುದ್ಧಪ್ರತಿಯನ್ನು ಅಚ್ಚುಮಾಡುತ್ತಿತ್ತು. ಬರವಣಿಗೆ ಮೊದಲ ಬಾರಿಗೆ ಕಾಗದದಿಂದ ಬಿಡುಗಡೆ ಹೊಂದಿದುದು ಹೀಗೆ. 1974ರಲ್ಲಿ ಝೆರಾಕ್ಸ್ ಸಂಶೋಧನಾಲಯದ ‘ಬ್ರಾವೊ’ ಎಂಬ ಕ್ರಮವಿಧಿಯು ಅಚ್ಚಿನಲ್ಲಿ ಬರುವ ರೂಪವನ್ನೇ ಪರದೆಯ ಮೇಲೆ ತೋರಿಸಿತು. ಅನಂತರ ವರ್ಡ್‌ಸ್ಟಾರ್, 1983ರಲ್ಲಿ ಮೈಕ್ರೊಸಾಫ್ಟ್ ವರ್ಡ್ ಬಂದವು.

ಯಂತ್ರ ಬದಲಾಯಿತು, ಬೆರಳುಗಳ ಅಭ್ಯಾಸ ಬದಲಾಗಲಿಲ್ಲ. ಇಂದಿಗೂ ಅನೇಕರು ಗಣಕಯಂತ್ರವನ್ನು 1874ರ ಯಂತ್ರದಂತೆಯೇ ಬಳಸುತ್ತಾರೆ. ಹೊಸ ಪುಟ ಬೇಕಾದರೆ ‘ಎಂಟರ್’ ಕೀಲಿಯನ್ನು ಇಪ್ಪತ್ತು ಬಾರಿ ಒತ್ತುತ್ತಾರೆ. ಅಂಕಣಗಳನ್ನು ಖಾಲಿ ಜಾಗಗಳಿಂದ ಹೊಂದಿಸುತ್ತಾರೆ. ಮೇಜಿನ ಕಾಲಿನ ಕೆಳಗೆ ಇಟ್ಟಿಗೆಯ ಚೂರು ಇಟ್ಟು ಸಮಮಾಡಿದಂತೆ ಇದು. ಮೇಜನ್ನು ಒಂದು ಗೇಣು ಸರಿಸಿದರೆ ಸಮತೋಲ ಕೆಡುವುದು. ಪ್ರಯೋಗಶಾಲೆಯ ಉಪಕರಣಕ್ಕೆ ನಾವು ಇಟ್ಟಿಗೆ ಇಡುವುದಿಲ್ಲ. ಅದಕ್ಕೆ ಸಮಮಾಡುವ ತಿರುಪುಗಳಿರುತ್ತವೆ. ಪದಸಂಸ್ಕರಣದಲ್ಲಿಯೂ ಅಂಥ ತಿರುಪುಗಳುಂಟು.

ರೂಪ ಬೇರೆ, ರಚನೆ ಬೇರೆ

ಮಧ್ಯಮ ಹಂತದ ಮೂಲತತ್ತ್ವ ಒಂದೇ: ಬರಹದ ರಚನೆಯನ್ನು ಅದರ ರೂಪದಿಂದ ಬೇರ್ಪಡಿಸುವುದು. ಒಂದು ಸಾಲನ್ನು ದಪ್ಪ ಮಾಡಿ ದೊಡ್ಡದಾಗಿಸಿದರೆ ಅದು ನಮ್ಮ ಕಣ್ಣಿಗೆ ಶೀರ್ಷಿಕೆ. ಯಂತ್ರಕ್ಕೆ ಅದು ಬರಿಯ ದಪ್ಪ ಅಕ್ಷರ. ಅದರ ಬದಲು ಆ ಸಾಲಿಗೆ ‘ಶೀರ್ಷಿಕೆ 1’ ಎಂಬ ಶೈಲಿಯನ್ನು ಕೊಟ್ಟರೆ ‘ಇದು ಅಧ್ಯಾಯದ ಹೆಸರು’ ಎಂದು ಯಂತ್ರಕ್ಕೆ ತಿಳಿಯುವುದು. ಆಮೇಲೆ ಪರಿವಿಡಿಯನ್ನು ಅದೇ ಕಟ್ಟಿಕೊಡುವುದು. ನಕ್ಷೆ ಸೇರಿಸಿ ಪುಟಗಳು ಸರಿದರೆ ಪರಿವಿಡಿಯನ್ನು ನವೀಕರಿಸುವ ಒಂದು ಆಜ್ಞೆ ಸಾಕು. ನಲವತ್ತು ಶೀರ್ಷಿಕೆಗಳ ಗಾತ್ರವನ್ನು ಬದಲಿಸಬೇಕಾದರೂ ಶೈಲಿಯನ್ನು ಒಂದೆಡೆ ತಿದ್ದಿದರೆ ಎಲ್ಲವೂ ಬದಲಾಗುವುವು. ಇದರಂತೆಯೇ ಹೊಸ ಪುಟಕ್ಕೆ ಪುಟವಿಚ್ಛೇದದ ಆಜ್ಞೆ, ಅಂಕಣಗಳಿಗೆ ಕೋಷ್ಟಕ, ಗುರುಗಳ ತಿದ್ದುಪಡಿಗೆ ಬದಲಾವಣೆಗಳನ್ನು ದಾಖಲಿಸುವ ಸೌಕರ್ಯ.

ಪತ್ರವಿಲೀನ ಎಂಬ ಇನ್ನೊಂದು ಉಪಾಯವಿದೆ. ಒಂದು ಶಾಲೆಯವರು 120 ಮಂದಿ ಪೋಷಕರಿಗೆ ಪತ್ರ ಬರೆಯಬೇಕೆಂದಿಟ್ಟುಕೊಳ್ಳೋಣ. ಪತ್ರವೊಂದಕ್ಕೆ ಹೆಸರು, ತರಗತಿ, ಅಂಕಗಳನ್ನು ತಿದ್ದಲು ಎರಡು ನಿಮಿಷವಾದರೆ ಒಟ್ಟು 240 ನಿಮಿಷ, ಎಂದರೆ ನಾಲ್ಕು ಗಂಟೆ. ಅದರ ಬದಲು ಹೆಸರು ಅಂಕಗಳ ಕೋಷ್ಟಕವೊಂದನ್ನೂ, ಬಿಟ್ಟ ಸ್ಥಳಗಳುಳ್ಳ ಮಾದರಿ ಪತ್ರವೊಂದನ್ನೂ ಸಿದ್ಧಪಡಿಸಿದರೆ ಯಂತ್ರವು ಎರಡನ್ನೂ ಕೂಡಿಸಿ ಎಲ್ಲ ಪತ್ರಗಳನ್ನೂ ಕ್ಷಣಗಳಲ್ಲಿ ಕೊಡುವುದು. ಕೋಷ್ಟಕ ಒಮ್ಮೆ ಸಿದ್ಧವಾದರೆ ಮಾದರಿ ಪತ್ರವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಡಬಹುದು. ಗಡಿಭಾಗದ ಊರುಗಳಿಗೆ ಇದರ ಉಪಯೋಗ ಸ್ಪಷ್ಟ.

ಕನ್ನಡದ ಲೆಕ್ಕಾಚಾರ

ಯಂತ್ರವು ಅಕ್ಷರಗಳನ್ನು ಅರಿಯದು. ಸಂಖ್ಯೆಗಳನ್ನು ಮಾತ್ರ ಅರಿಯುವುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ‘ಚಿಂತಾಕಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರಗಳು. ಯಂತ್ರಕ್ಕೆ ಅದು ಏಳು ಸಂಖ್ಯೆಗಳು: ಚ 3226, ಗುಡಿಸು 3263, ಸೊನ್ನೆ 3202, ತ 3236, ಇಳಿ 3262, ಕ 3221, ಪುನಃ ಗುಡಿಸು 3263.

ಇಲ್ಲಿ ಒಂದು ಸೊಗಸಾದ ಕ್ರಮವುಂಟು. ದೇವನಾಗರಿಯ ಕಕಾರ 2325, ತೆಲುಗಿನದು 3093, ಕನ್ನಡದ್ದು 3221. ತೆಲುಗಿನ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕಕಾರ ದೊರೆಯುವುದು. ಭಾರತೀಯ ಲಿಪಿಗಳಿಗೆ ಮೊದಲು ರೂಪಿಸಿದ್ದ ಸಮಾನ ಸಂಕೇತ ಕ್ರಮವನ್ನು ಯೂನಿಕೋಡ್ ಅನುಸರಿಸಿದುದೇ ಇದಕ್ಕೆ ಕಾರಣ.

ಸಂಗ್ರಹದ ಕ್ರಮ ಬೇರೆ, ಕಾಣುವ ಕ್ರಮ ಬೇರೆ ಎಂಬುದನ್ನೂ ಗಮನಿಸಬೇಕು. ‘ಸೂರ್ಯ’ ಎಂಬಲ್ಲಿ ರಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ. ಯಂತ್ರವೂ ಅದನ್ನೇ ಮೊದಲು ಸಂಗ್ರಹಿಸುವುದು. ಆದರೆ ಅರ್ಕಾವತ್ತು ಕಾಣುವುದು ಯಕಾರವಾದ ಮೇಲೆ. ಉರ್ದು ಬರಹವೂ ಓದುವ ಕ್ರಮದಲ್ಲಿಯೇ ಸಂಗ್ರಹವಾಗಿ, ಪರದೆಯ ಮೇಲೆ ಬಲದಿಂದ ಎಡಕ್ಕೆ ಹರಿಯುವುದು. ಆದ್ದರಿಂದಲೇ ಅಜ್ಜನ ಉರ್ದು ದಸ್ತಾವೇಜಿನ ಸಾಲನ್ನೂ ಮೊಮ್ಮಗಳ ಕನ್ನಡ ಅನುವಾದವನ್ನೂ ಇಂದು ಒಂದೇ ಪುಟದಲ್ಲಿ ಇಡಲು ಸಾಧ್ಯ.

ಈ ಒಳಗುಟ್ಟನ್ನು ಅರಿಯದವನಿಗೆ ‘ಹುಡುಕಿ ಬದಲಿಸು’ ಎಂಬ ಆಜ್ಞೆಯು ಅಪಾಯಕರ. ‘ಮತ’ ಎಂಬುದನ್ನೆಲ್ಲ ‘ಓಟು’ ಎಂದು ಬದಲಿಸಲು ಹೊರಟರೆ ‘ಮತ್ತು’ ಎಂಬ ಪದವೂ ಸಿಕ್ಕಿಕೊಳ್ಳಬಹುದು. ಏಕೆಂದರೆ ಅದರ ಮೊದಲ ಎರಡು ಸಂಖ್ಯೆಗಳೂ ಮಕಾರ ತಕಾರಗಳವೇ. ಆದುದರಿಂದ ಎಲ್ಲವನ್ನೂ ಒಮ್ಮೆಗೆ ಬದಲಿಸದೆ ಒಂದೊಂದನ್ನೇ ನೋಡಿ ಒಪ್ಪುವುದು ಲೇಸು. ಅಕಾರಾದಿಯಾಗಿ ಜೋಡಿಸುವಾಗಲೂ ಇಂಥ ಎಚ್ಚರ ಬೇಕು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುವುದು. ಸಂಕೇತಪಟ್ಟಿಯಲ್ಲಾದರೋ ಅದರ ಸಂಖ್ಯೆ 3251, ಹಕಾರದ್ದು 3257. ಬರಿಯ ಸಂಖ್ಯೆಯ ಕ್ರಮದಿಂದ ಜೋಡಿಸಿದ ಪಟ್ಟಿ ನಿಘಂಟಿನ ಕ್ರಮದಲ್ಲಿರುವುದಿಲ್ಲ. ಭಾಷೆಯನ್ನು ‘ಕನ್ನಡ’ ಎಂದು ಗೊತ್ತುಪಡಿಸಿದ ಮೇಲೂ ಫಲಿತಾಂಶವನ್ನು ಕಣ್ಣಿನಿಂದ ಪರೀಕ್ಷಿಸಬೇಕು.

ಗಣಕಯಂತ್ರದಲ್ಲಿ ಕನ್ನಡವನ್ನು ನೆಲೆಗೊಳಿಸಲು ಅನೇಕರು ದುಡಿದಿದ್ದಾರೆ. ಧ್ವನಿಗನುಗುಣವಾದ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟವರು ಕೆ. ಪಿ. ರಾವ್, ‘ಬರಹ’ ತಂತ್ರಾಂಶವನ್ನು 1998ರಲ್ಲಿ ಹೊರತಂದವರು ಶೇಷಾದ್ರಿವಾಸು, ‘ನುಡಿ’ಯನ್ನು ಸಿದ್ಧಪಡಿಸಿದುದು ಕನ್ನಡ ಗಣಕ ಪರಿಷತ್ತು. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರಕಟ್ಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಇರಿಸಲಾಗಿತ್ತು. ಆ ಅಕ್ಷರಕಟ್ಟು ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಗೊಂದಲ. ಅರ್ಜಿಯ ಕೊನೆಯ ದಿನ ಮುದ್ರಣದಂಗಡಿಯಲ್ಲಿ ಈ ಗೊಂದಲವನ್ನು ಕಂಡು ಕಂಗಾಲಾದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಹಳೆಯ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತರುವುದೂ, ಕಳುಹಿಸುವ ಪ್ರತಿಯನ್ನು ಅಕ್ಷರಕಟ್ಟುಸಹಿತ ಪಿಡಿಎಫ್ ಆಗಿ ಉಳಿಸುವುದೂ ಮಧ್ಯಮ ಹಂತದ ಅಗತ್ಯ ಪಾಠಗಳು.

ಕಲಿಯುವ ಬಗೆ

ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. 2010ರಲ್ಲಿ ಹುಟ್ಟಿದ ಲಿಬ್ರೆಆಫೀಸ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದು. ನಿಮ್ಮ ಭೌತವಿಜ್ಞಾನದ ಐದು ಪ್ರಯೋಗಗಳ ದಾಖಲೆಯನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಿ. ಪ್ರತಿ ಪ್ರಯೋಗದ ಹೆಸರಿಗೆ ಶೀರ್ಷಿಕೆಯ ಶೈಲಿ ಕೊಡಿ. ಅಳತೆಗಳನ್ನು ಕೋಷ್ಟಕದಲ್ಲಿ ಇಡಿ. ಪರಿವಿಡಿಯನ್ನು ಯಂತ್ರದಿಂದಲೇ ಮಾಡಿಸಿ. ಬಳಿಕ ಎರಡನೆಯ ಪುಟದಲ್ಲಿ ದೊಡ್ಡ ಚಿತ್ರವೊಂದನ್ನು ಸೇರಿಸಿ ಪರಿವಿಡಿಯನ್ನು ನವೀಕರಿಸಿ ನೋಡಿ. ಏನೂ ಕೆಡದಿದ್ದರೆ ನೀವು ಎರಡನೆಯ ಮೆಟ್ಟಿಲನ್ನು ಏರಿದಿರಿ ಎಂದೇ ಅರ್ಥ.

ಕರ್ನಾಟಕ ಸರ್ಕಾರವು 2012ರಲ್ಲಿ ತನ್ನ ನೌಕರರಿಗಾಗಿ ಗಣಕಯಂತ್ರ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ಮಾಡಿತು. ಆದರೆ ಇದು ಬರಿಯ ನೌಕರಿಯ ಮಾತಲ್ಲ. ತನ್ನ ಅರ್ಜಿಯನ್ನೂ ವರದಿಯನ್ನೂ ತಾನೇ ಸಿದ್ಧಪಡಿಸಬಲ್ಲವನು ಪ್ರತಿಯೊಂದು ಕಾಗದಕ್ಕೂ ಪರರ ಅಂಗಡಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಆ ವಿದ್ಯಾರ್ಥಿನಿ ಅಂದು ಅರ್ಧ ಗಂಟೆಯಲ್ಲಿ ಶೈಲಿಗಳ ಬಳಕೆಯನ್ನು ಕಲಿತಳು. ಮುಂದಿನ ವಾರ ನಾನು ಇನ್ನೂ ಎರಡು ನಕ್ಷೆಗಳನ್ನು ಕೇಳಿದಾಗ ಅವಳು ನನ್ನ ಎದುರಿನಲ್ಲಿಯೇ ಅವುಗಳನ್ನು ಸೇರಿಸಿ, ಪರಿವಿಡಿಯನ್ನು ಸರಿಪಡಿಸಿ, ಉಳಿದ ಸಮಯವನ್ನೆಲ್ಲ ತನ್ನ ಅಳತೆಗಳಲ್ಲಿದ್ದ ದೋಷಗಳ ಕಾರಣವನ್ನು ಚರ್ಚಿಸುವುದರಲ್ಲಿ ಕಳೆದಳು.