ನಿಮಗಿದು ಗೊತ್ತೇ? ಮಂಡಿ, ಮನೆ, ಶಾಲೆ: ಕೋಲಾರದ ಸೀಮೆಯಲ್ಲಿ ಮನಸ್ಸಿನ ಲೆಕ್ಕಾಚಾರ

ಹಣ್ಣು ವಿಂಗಡಿಸುವುದು, ಎರಡು ಭಾಷೆಯಲ್ಲಿ ಚೌಕಾಸಿ ಮಾಡುವುದು, ಬಸ್ಸಿನ ಬೋರ್ಡು ಓದುವುದು, ಮುಂದಿನ ಬೆಳೆ ಯಾವುದೆಂದು ತೀರ್ಮಾನಿಸುವುದು: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ದಿನ ಬೆಳಗಾದರೆ ನಡೆಯುವ ಕೆಲಸಗಳಿವು. ಇವಕ್ಕೆಲ್ಲ ಮನಸ್ಸು ಎಷ್ಟು ದುಡಿಯುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿದಿದ್ದರೆ ನಮಗೇ ಲಾಭ.

ವಿಂಗಡಣೆ

● ಕೋಲಾರದ ಎಪಿಎಂಸಿಗೆ ಲೋಡುಗಟ್ಟಲೆ ಬರುವ ಟೊಮೇಟೊ ಸಸ್ಯಶಾಸ್ತ್ರದ ಪ್ರಕಾರ ಹಣ್ಣು. ಆದರೆ 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತರಕಾರಿ ಎಂದು ತೀರ್ಪು ಕೊಟ್ಟಿತು. ಆಗ ಅಲ್ಲಿ ಆಮದಾಗುವ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಜನ ಟೊಮೇಟೊವನ್ನು ಊಟದ ಜೊತೆ ತಿನ್ನುತ್ತಾರೆ, ಊಟವಾದ ಮೇಲೆ ಹಣ್ಣಿನಂತೆ ತಿನ್ನುವುದಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ನಮ್ಮ ಮನಸ್ಸೂ ಎಷ್ಟೋ ಸಲ ವಸ್ತುಗಳನ್ನು ಗುಂಪು ಮಾಡುವುದು ಹೀಗೇ, ಬಳಕೆ ನೋಡಿ.

● ಹಕ್ಕಿ ಎಂದ ಕೂಡಲೇ ಗುಬ್ಬಿಯೋ ಕಾಗೆಯೋ ನೆನಪಾಗುತ್ತದೆ. ಕೋಳಿಯೂ ಹಕ್ಕಿಯೇ, ಆದರೂ ಅದು ತಡವಾಗಿ ಹೊಳೆಯುತ್ತದೆ. ಗುಂಪಿನ ಎಲ್ಲ ಸದಸ್ಯರಿಗೂ ಮನಸ್ಸು ಒಂದೇ ಸ್ಥಾನ ಕೊಡುವುದಿಲ್ಲ ಎಂಬುದನ್ನು 1970ರ ದಶಕದಲ್ಲಿ ಪ್ರಯೋಗಗಳ ಮೂಲಕ ತೋರಿಸಿದವರು ಮನಶ್ಶಾಸ್ತ್ರಜ್ಞೆ ಎಲೀನರ್ ರಾಷ್.

● ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ರಾಶಿಯ ಮುಂದೆ ಕೂತವರು ಹಣ್ಣು ಕೈಗೆ ಬಂದೊಡನೆ ಬಾದಾಮಿ, ಬೇನಿಶಾ, ರಸಪುರಿ, ತೋತಾಪುರಿ ಎಂದು ಬೇರೆ ಮಾಡುತ್ತಾರೆ. ತೋತಾಪುರಿಗೆ ಗಿಣಿಮೂತಿಯಂಥ ತುದಿಯಿದೆ ಸರಿ, ಉಳಿದವನ್ನು ಗುರುತಿಸುವುದು ಹೊಸಬರಿಗೆ ಸುಲಭವಲ್ಲ. 1991ರಲ್ಲಿ ಟನಾಕಾ ಮತ್ತು ಟೇಲರ್ ಎಂಬ ಸಂಶೋಧಕರು ನಾಯಿ ಮತ್ತು ಹಕ್ಕಿಗಳ ಪರಿಣತರನ್ನು ಪರೀಕ್ಷಿಸಿದರು. ನಾಯಿಗಳ ಪರಿಣತರು ‘ನಾಯಿ’ ಎಂದು ಗುರುತಿಸುವಷ್ಟೇ ಬೇಗ ಅದರ ತಳಿಯನ್ನೂ ಗುರುತಿಸುತ್ತಿದ್ದರು. ಮಂಡಿಯ ಕೂಲಿಯಾಳಿನ ಕಣ್ಣಿಗಿರುವುದೂ ಇದೇ ಪಾಂಡಿತ್ಯ. ಅದಕ್ಕೆ ಪದವಿ ಪತ್ರವಿಲ್ಲ ಎಂದು ಕಡಿಮೆ ಅಂದಾಜು ಮಾಡಬಾರದು.

ಭಾಷೆ

● ‘ತ’ ಮತ್ತು ‘ಟ’ದ ವ್ಯತ್ಯಾಸ ನಮಗೆ ನೀರು ಕುಡಿದಷ್ಟು ಸಲೀಸು, ಇಂಗ್ಲಿಷ್ ಮಾತೃಭಾಷೆಯವರಿಗೆ ಬಹಳ ಕಷ್ಟ. ಆದರೆ 1984ರಲ್ಲಿ ಕೆನಡಾದ ವರ್ಕರ್ ಮತ್ತು ಟೀಸ್ ಹಿಂದಿಯ ಇಂಥ ಧ್ವನಿಗಳನ್ನು ಕೇಳಿಸಿದಾಗ, ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಸುತ್ತ ಕೇಳಿಸುವ ಭಾಷೆಗೆ ಮಗುವಿನ ಕಿವಿ ಮಾತು ಬರುವ ಮುಂಚೆಯೇ ಹದಗೊಳ್ಳುತ್ತದೆ. ಹಾಗಾಗಿ ಎಳೆಗೂಸಿನ ಜೊತೆ ಆಡುವ ಒಂದು ಮಾತೂ ವ್ಯರ್ಥವಲ್ಲ.

● ಈ ಸೀಮೆಯ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹೀಗೆ ಬೆಳೆದವರು ಒಂದು ಭಾಷೆ ಆಡುವಾಗಲೂ ಮನಸ್ಸಿನಲ್ಲಿ ಇನ್ನೊಂದು ಎಚ್ಚರವಾಗಿಯೇ ಇರುತ್ತದೆ. ಕೇಳುವವರ ಮುಖ ನೋಡಿ ಮಿದುಳು ಒಂದನ್ನು ನಾಲಿಗೆಗೆ ಬಿಟ್ಟು ಇನ್ನೊಂದನ್ನು ತಡೆಹಿಡಿಯುತ್ತದೆ.

● ಮನೆಮಾತು ತೆಲುಗಾದರೂ ಮಗ್ಗಿಯನ್ನು ಕನ್ನಡದಲ್ಲಿ ಕಲಿತವರು ಲೆಕ್ಕವನ್ನು ಸಾಮಾನ್ಯವಾಗಿ ಕನ್ನಡದಲ್ಲೇ ಹಾಕುತ್ತಾರೆ. ನಿಖರವಾದ ಲೆಕ್ಕ ಕಲಿತ ಭಾಷೆಗೆ ಅಂಟಿಕೊಳ್ಳುತ್ತದೆ, ಅಂದಾಜಿಗೆ ಆ ಹಂಗಿಲ್ಲ ಎಂದು ಎರಡು ಭಾಷೆ ಬಲ್ಲವರ ಮೇಲೆ 2001ರಲ್ಲಿ ನಡೆದ ಅಧ್ಯಯನ ಹೇಳುತ್ತದೆ.

● ಹೈದರಾಬಾದಿನಲ್ಲಿ ಮರೆಗುಳಿ ಕಾಯಿಲೆಯ 648 ರೋಗಿಗಳನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಪರಿಶೀಲಿಸಿದರು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಭಾಷೆಯೊಂದೇ ಕಾರಣ ಎಂದು ಇದರಿಂದ ಸಾಬೀತಾಗದು. ಆದರೂ ಶಾಲೆಯ ಮೆಟ್ಟಿಲು ಹತ್ತದೆಯೂ ಎರಡು ಮೂರು ಭಾಷೆ ಆಡುವ ನಮ್ಮ ಅಜ್ಜಿಯರ ಸಂಪತ್ತು ಎಂಥದ್ದೆಂದು ಯೋಚಿಸುವಂತೆ ಮಾಡುತ್ತದೆ.

● 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಬರೆದದ್ದು ಕನ್ನಡದಲ್ಲಿ, ‘ಚಿಕವೀರ ರಾಜೇಂದ್ರ’ಕ್ಕೆ ಬಂದದ್ದು 1983ರ ಜ್ಞಾನಪೀಠ.

ಓದು

● ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುವುದಿಲ್ಲ. ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ನಿಂತಾಗ ಮಾತ್ರ ಅಕ್ಷರ ದಕ್ಕುತ್ತದೆ.

● ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಯಾವುದೆಂದು ಕೇಳಿ ನೋಡಿ. ಓದು ಬಲ್ಲವರು ತಡವರಿಸುತ್ತಾರೆ. ಕಣ್ಣಿಗೆ ಬಿದ್ದ ಪದವನ್ನು ಓದದೇ ಬಿಡುವುದು ಅವರ ಕೈಲಿಲ್ಲ. 1935ರಲ್ಲಿ ಸ್ಟ್ರೂಪ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗವಿದು.

● ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ಕನ್ನಡದ ಮಗುವಿಗೆ ವರ್ಣಮಾಲೆಯಾದ ಮೇಲೆ ಕಾಗುಣಿತವೇ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಗಳೆಲ್ಲ ಕೈವಶವಾಗುವುದಕ್ಕೆ ಒಂದೆರಡು ವರ್ಷ ಸಾಲದು, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಕಲಿಕೆ ಸಾಗುತ್ತದೆ. ಎರಡನೇ ಕ್ಲಾಸಿನ ಮಗು ‘ಸ್ತ್ರೀ’, ‘ಜ್ಞಾನ’ಗಳ ಬಳಿ ನಿಂತರೆ ದಡ್ಡ ಎನ್ನಬೇಡಿ. ಅದು ದೊಡ್ಡ ಕೆಲಸವನ್ನು ಹಂತ ಹಂತವಾಗಿ ಮಾಡುತ್ತಿದೆ, ಬೇಕಿರುವುದು ಸಮಯ.

● ಮುಳಬಾಗಿಲಿನಿಂದ ಆಂಧ್ರದ ಗಡಿ ಹೆಚ್ಚು ದೂರವಿಲ್ಲ. ಅಲ್ಲಿನ ತೆಲುಗು ಬೋರ್ಡನ್ನು ಕನ್ನಡ ಬಲ್ಲವರು ಹೆಚ್ಚೂಕಡಿಮೆ ಓದಿಬಿಡುತ್ತಾರೆ. ಎರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತಲೆಕಟ್ಟಿನ ಆಕಾರ ಬದಲಾದರೂ ಅಕ್ಷರದ ಹೊಟ್ಟೆ ನೋಡಿ ಮಿದುಳು ಗುರುತು ಹಿಡಿಯುತ್ತದೆ.

● 1887ರಲ್ಲಿ ಇದೇ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಪುಸ್ತಕವಿಲ್ಲದೆ ಹತ್ತಾರು ಪದ್ಯ ಹೇಳುವವರು ಈಗಲೂ ಊರೂರಲ್ಲಿದ್ದಾರೆ. ನಾಲ್ಕು ಸಾಲಿನ ಅಳತೆ, ಆದಿಪ್ರಾಸ, ಕೊನೆಯ ಅಂಕಿತ ಇವು ನೆನಪಿಗೆ ಆಸರೆ. ಪ್ರಾಸ ಸಿಕ್ಕರೆ ಮುಂದಿನ ಸಾಲಿಗೆ ಬರಬಹುದಾದ ಪದಗಳು ಕೆಲವೇ ಆಗುತ್ತವೆ, ಹುಡುಕಾಟ ಹಗುರಾಗುತ್ತದೆ.

ನಿರ್ಧಾರ

● ಮೊದಲು ಕಿವಿಗೆ ಬಿದ್ದ ಅಂಕಿ ಮನಸ್ಸನ್ನು ಕಟ್ಟಿಹಾಕುತ್ತದೆ. 1974ರಲ್ಲಿ ಟ್ವರ್ಸ್ಕಿ ಮತ್ತು ಕಾನೆಮನ್ ಪ್ರಕಟಿಸಿದ ಪ್ರಯೋಗದಲ್ಲಿ ಚಕ್ರ ತಿರುಗಿಸಿ ಅಂಕಿ ತೋರಿಸಿದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಶೇಕಡಾ ಎಷ್ಟೆಂದು ಕೇಳಿದರು. 10 ಕಂಡವರ ಉತ್ತರ ಸುಮಾರು 25, 65 ಕಂಡವರ ಉತ್ತರ ಸುಮಾರು 45. ಹರಾಜಿನ ಮೊದಲ ಕೂಗಿಗೂ ಈ ಬಲವಿದೆ. ಮಂಡಿಗೆ ಹೊರಡುವ ಮುಂಚೆ ನಿಮ್ಮ ದರವನ್ನು ನೀವೇ ಗೊತ್ತುಮಾಡಿಕೊಳ್ಳಿ.

● 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಟೊಮೇಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ದರ ಕುಸಿದಿತ್ತು. ಕಣ್ಣಿಗೆ ಕಟ್ಟಿದ್ದೇ ಮತ್ತೆ ನಡೆಯುತ್ತದೆಂದು ಮನಸ್ಸು ನಂಬುತ್ತದೆ. ಪಕ್ಕದ ಹೊಲದವರು ಲಕ್ಷಾಂತರ ಎಣಿಸಿದ್ದು ನೆನಪಿರುತ್ತದೆ, ಬೆಲೆಯಿಲ್ಲದೆ ರಸ್ತೆ ಬದಿಗೆ ಸುರಿದ ವರ್ಷ ಮಸುಕಾಗುತ್ತದೆ. ಎಲ್ಲರೂ ಒಟ್ಟಿಗೆ ನಾರು ಹಾಕುತ್ತಾರೆ, ಎರಡು ತಿಂಗಳು ಕಳೆದ ಮೇಲೆ ಎಲ್ಲರ ಫಸಲೂ ಒಟ್ಟಿಗೆ ಬರುತ್ತದೆ. ನಾರು ತರುವ ಮುಂಚೆ ಇವತ್ತಿನ ದರ ನೋಡಿದರೆ ಸಾಲದು, ನಾಟಿ ಎಷ್ಟಾಗುತ್ತಿದೆ ಎಂದು ನರ್ಸರಿಯಲ್ಲಿ ವಿಚಾರಿಸಿ.

● ‘ಇಷ್ಟು ದೂರ ಬಂದಾಯಿತು, ಇನ್ನು ನೂರಡಿ ನೋಡೋಣ.’ ಸಾವಿರ ಅಡಿ ದಾಟಿದ ಕೊಳವೆಬಾವಿಯ ಮುಂದೆ, ರಿಗ್ಗಿನ ಸದ್ದಿನ ನಡುವೆ ಈ ಮಾತು ಕೇಳದ ಊರು ಈ ಜಿಲ್ಲೆಯಲ್ಲಿ ಕಡಿಮೆ. ಸುರಿದ ಹಣ ಹಿಂದಕ್ಕೆ ಬರುವುದಿಲ್ಲ, ಆದರೂ ಮುಂದಿನ ನಿರ್ಧಾರವನ್ನು ಅದೇ ಎಳೆಯುತ್ತದೆ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಇದನ್ನು ನಾಟಕದ ಟಿಕೆಟ್ಟಿನಲ್ಲಿ ಕಂಡರು: ರಿಯಾಯಿತಿಯಲ್ಲಿ ಸೀಸನ್ ಟಿಕೆಟ್ ಸಿಕ್ಕವರಿಗಿಂತ ಪೂರ್ತಿ ಹಣ ತೆತ್ತವರು ಮೊದಲ ತಿಂಗಳುಗಳಲ್ಲಿ ಹೆಚ್ಚು ನಾಟಕಗಳಿಗೆ ಬಂದಿದ್ದರು. ಬೋರ್ ಹಾಕಿಸುವವರು ರಿಗ್ ಬರುವ ಹಿಂದಿನ ದಿನವೇ ಮನೆಯವರೆಲ್ಲ ಕೂತು, ಎಷ್ಟು ಅಡಿ, ಎಷ್ಟು ಹಣ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಷ್ಟಾದ ಮೇಲೆ ನಿಲ್ಲಿಸುವ ಅಧಿಕಾರವನ್ನು, ಸಾಲ ತೀರಿಸುವ ಕಷ್ಟ ಬಲ್ಲ ಮನೆಯ ಹೆಣ್ಣುಮಕ್ಕಳ ಕೈಗೂ ಕೊಡಿ.