ಒಂಟಿ ತಂತಿಯ ಚೌಡಿಕೆ

ಚೌಡಿಕೆಗೆ ಇರುವುದು ಒಂದೇ ತಂತಿ. ವೀಣೆಗಿರುವಂಥ ಮೆಟ್ಟಿಲುಗಳಿಲ್ಲ, ಬೆರಳಿಟ್ಟು ಸ್ವರ ಹಿಡಿಯುವ ಜಾಗವೇ ಇಲ್ಲ. ಆದರೂ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜನಸಾಗರದ ನಡುವೆ, ಧ್ವನಿವರ್ಧಕಗಳ ಅಬ್ಬರ, ಜಾತ್ರೆಯ ಅಂಗಡಿಗಳ ಕೂಗಾಟ, ‘ಉಧೋ ಉಧೋ’ ಎಂಬ ಘೋಷ ಎಲ್ಲವನ್ನೂ ದಾಟಿ ಅದರ ದನಿ ಬೇರೆಯಾಗಿಯೇ ಕೇಳುತ್ತದೆ. ಮೀಟಿದ ಸ್ವರ ಇದ್ದಲ್ಲಿ ನಿಲ್ಲುವುದಿಲ್ಲ. ಮೇಲಕ್ಕೆ ಚಿಮ್ಮಿ ಕೆಳಗೆ ಜಾರುತ್ತದೆ: ಡ್ಯುಂವ್, ಡ್ಯುಂವ್.

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳಲ್ಲಿ ಈ ದನಿಗೆ ಪರಿಚಯ ಬೇಕಿಲ್ಲ. ಮಂಗಳವಾರ, ಶುಕ್ರವಾರ ಯಲ್ಲಮ್ಮನ ಹೆಸರಿನಲ್ಲಿ ಜೋಗ ಬೇಡಲು ಬರುವ ಜೋಗತಿಯರು ಓಣಿಯ ತಿರುವಿನಲ್ಲಿದ್ದಾಗಲೇ ಅದು ಮನೆಯೊಳಗೆ ಮುಟ್ಟುತ್ತದೆ. ಹೆಣ್ಣುಮಕ್ಕಳು ಮೊರದಲ್ಲಿ ಜೋಳ ಹಾಕಿಕೊಂಡು ಹೊಸ್ತಿಲಿಗೆ ಬರುತ್ತಾರೆ. ಒಬ್ಬರ ತಲೆಯ ಮೇಲೆ ದೇವಿಯ ಮುಖವಿರುವ ಜಗ, ಒಬ್ಬರ ಕೈಯಲ್ಲಿ ಪಡ್ಡಲಗಿ ಎಂಬ ಬುಟ್ಟಿ, ಒಬ್ಬರ ಕಂಕುಳಲ್ಲಿ ಚೌಡಿಕೆ, ಜತೆಗೆ ಶ್ರುತಿ ಮತ್ತು ತಾಳ. ಇಷ್ಟಾದರೆ ಮೇಳ ಪೂರ್ಣ.

ವಾದ್ಯದ ಕಟ್ಟೋಣ ನೋಡಿದರೆ ಇಷ್ಟೇನಾ ಅನಿಸುತ್ತದೆ. ಕಾಳು ಅಳೆಯುವ ಕೊಳಗದ ಆಕಾರದ ಪೊಳ್ಳು ಮರದ ಡಬ್ಬ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದಿರುತ್ತದೆ. ಡಬ್ಬದ ಪಕ್ಕಕ್ಕೆ ಒಂದು ಕಟ್ಟಿಗೆಯ ದಂಡ, ದಂಡದ ತುದಿಯಲ್ಲಿ ತಂತಿ ಸುತ್ತುವ ಬಿರಡೆ. ಚರ್ಮದ ನಟ್ಟನಡುವೆ ತೂತು ಮಾಡಿ, ತಂತಿಯನ್ನು ಅಲ್ಲಿ ಗಂಟು ಹಾಕಿ, ಡಬ್ಬದ ಒಡಲೊಳಗಿಂದ ಹಾಯಿಸಿ, ತೆರೆದ ಬಾಯಿಯಿಂದ ಹೊರತೆಗೆದು ಬಿರಡೆಗೆ ಬಿಗಿಯುತ್ತಾರೆ. ಎಳೆತಕ್ಕೆ ತಂತಿ ಚರ್ಮವನ್ನು ಸೀಳಿಬಿಡದಂತೆ ಗಂಟಿನ ಅಡಿಗೆ ಸಣ್ಣ ಬಿಲ್ಲೆಯೊಂದು ತಡೆಯಾಗಿ ನಿಲ್ಲುತ್ತದೆ. ಹಿಂದೆ ನರದ ತಂತಿ ಇರುತ್ತಿತ್ತು, ಈಗ ಹೆಚ್ಚಾಗಿ ಲೋಹದ್ದು. ಡಬ್ಬವನ್ನು ಎಡ ಕಂಕುಳಲ್ಲಿ ಅವುಚಿ, ಎಡಗೈಯಲ್ಲಿ ದಂಡದ ತುದಿ ಹಿಡಿದು, ಬಲಗೈಯಲ್ಲಿ ಸಣ್ಣ ಕಟ್ಟಿಗೆಯ ಚೂರಿನಿಂದ ತಂತಿ ಮೀಟಿದರೆ ಆಯಿತು.

ಇಷ್ಟು ಸರಳ ವಸ್ತುವಿನಿಂದ ಸ್ವರ ಜಾರುವುದು ಹೇಗೆ? ಗಿಟಾರಿನ ತಂತಿ ಎರಡೂ ಕಡೆ ಗಟ್ಟಿಯಾದ ಮರಕ್ಕೆ, ಲೋಹಕ್ಕೆ ಬಿಗಿದದ್ದು. ಚೌಡಿಕೆಯ ತಂತಿಯ ಒಂದು ತುದಿ ನಿಂತಿರುವುದು ಮೆತ್ತನೆಯ ಚರ್ಮದ ಮೇಲೆ. ಜೋರಾಗಿ ಮೀಟಿದಾಗ ತಂತಿ ಅಗಲವಾಗಿ ತೂಗುತ್ತದೆ, ಅದರ ಬಿಗಿ ಆ ಕ್ಷಣಕ್ಕೆ ಹೆಚ್ಚುತ್ತದೆ, ಸ್ವರ ಏರುತ್ತದೆ. ತೂಗಾಟ ಕಡಿಮೆಯಾದಂತೆ ಬಿಗಿಯೂ ಇಳಿದು ಸ್ವರ ಜಾರುತ್ತದೆ. ಇದರ ಮೇಲೆ ಎಡಗೈಯ ಕೆಲಸ. ದಂಡವನ್ನು ಒತ್ತಿ ಬಿಟ್ಟು ತಂತಿಯ ಬಿಗಿಯನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದು. ಲೆಕ್ಕ ಮಾತ್ರ ಕಠಿಣವಾದದ್ದು: ತಂತಿಯ ಬಿಗಿ ನಾಲ್ಕು ಪಟ್ಟಾದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಅಷ್ಟು ಬಿಗಿಯನ್ನು ಕೈಯ ಒತ್ತಡದಿಂದ ತರುವುದು ಸುಲಭವಲ್ಲ. ಹಾಗಾಗಿ ಚೌಡಿಕೆ ರಾಗದ ಗೊಡವೆಗೆ ಹೋಗುವುದಿಲ್ಲ. ಕೆಲವೇ ಸ್ವರಗಳ ನಡುವೆ ತೊಯ್ದಾಡುತ್ತ, ಲಯವನ್ನೂ ಹಾಡಿನ ಏರಿಳಿತವನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಹಾಡುವವರೇ ನುಡಿಸುವುದರಿಂದ ಗಂಟಲಿನ ಎಳೆತ, ಕೈಯ ಎಳೆತ ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆ.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಇದನ್ನು ಮೊದಲ ಸಲ ಕೇಳಿದರೆ ಅವರಿಗೆ ನೆನಪಾಗುವುದು ವಾ ಪೆಡಲ್. ಪಾದದ ಕೆಳಗಿಟ್ಟು ಮುಂದಕ್ಕೂ ಹಿಂದಕ್ಕೂ ಒತ್ತುವ ಆ ಪುಟ್ಟ ಯಂತ್ರ ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ. ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಆಂಪ್ಲಿಫೈಯರಿನ ದುಬಾರಿ ಸ್ವಿಚ್ಚೊಂದರ ಬದಲಿಗೆ ಅಗ್ಗದ ಬಿಡಿಭಾಗ ಹಾಕಲು ಹೊರಟಿದ್ದ. ಅದನ್ನು ತಿರುಗಿಸುವಾಗ ಸ್ವರದ ಬಣ್ಣ ‘ಊ’ದಿಂದ ‘ಆ’ ಕಡೆಗೆ ಹೊರಳುವುದು ಕೇಳಿಸಿತು. ಆರ್ಗನ್ನಿನ ಧ್ವನಿ ಏರಿಸುವ ಕಾಲುಮಣೆಯೊಳಗೆ ಆ ಸರ್ಕ್ಯೂಟ್ ಸೇರಿಸಿದಾಗ ವಾ ಪೆಡಲ್ ಸಿದ್ಧವಾಯಿತು. ತುತ್ತೂರಿಯ ಬಾಯಿಗೆ ಕೈಮುಚ್ಚಳ ಹಿಡಿದು ‘ವಾ ವಾ’ ಎನಿಸುತ್ತಿದ್ದ ಕ್ಲೈಡ್ ಮೆಕಾಯ್ ಹೆಸರಿನಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು. ಮುಂದೆ ‘ಕ್ರೈ ಬೇಬಿ’ ಎಂಬ ಹೆಸರೂ ಸಿಕ್ಕಿತು. ಜಿಮಿ ಹೆಂಡ್ರಿಕ್ಸ್ ಕಾಲಿಟ್ಟ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು.

ಎರಡೂ ಒಂದೇ ಎಂದರೆ ತಪ್ಪಾಗುತ್ತದೆ. ವಾ ಪೆಡಲ್ ಸ್ವರವನ್ನು ಇದ್ದಲ್ಲೇ ಇಟ್ಟು ಅದರ ಬಣ್ಣ ಬದಲಿಸುತ್ತದೆ. ಚೌಡಿಕೆ ಸ್ವರವನ್ನೇ ಕದಲಿಸುತ್ತದೆ. ಆದರೆ ಎರಡರ ಹಿಂದಿನ ಆಸೆ ಒಂದೇ: ತಂತಿ ಬರೀ ನುಡಿದರೆ ಸಾಲದು, ಮನುಷ್ಯರ ಹಾಗೆ ಗೋಗರೆಯಬೇಕು, ಅಳಬೇಕು, ಕರೆಯಬೇಕು.

ಅಗ್ಗದ ವಾ ಪೆಡಲ್ ಕೊಂಡ ಗಿಟಾರ್ ವಾದಕರ ದೂರುಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ತೆರ. ಒಳಗಿನ ತಿರುಗುವ ಬಿಡಿಭಾಗಕ್ಕೆ ಧೂಳು ಸೇರಿ, ಒತ್ತಿದಾಗಲೆಲ್ಲ ಕರಕರ ಸದ್ದು. ಪೆಡಲ್ ಬಂದ್ ಮಾಡಿದ್ದರೂ ಗಿಟಾರಿನ ಸಹಜ ದನಿ ಮಂಕಾಗುವುದು. ಕೆಲವು ಕಂಪನಿಗಳು ತಿರುಗುವ ಭಾಗವನ್ನೇ ತೆಗೆದು, ಬೆಳಕಿನ ಕಿರಣದಿಂದ ಕಾಲಿನ ಚಲನೆ ಅಳೆಯುವ ಉಪಾಯ ಮಾಡಿವೆ.   

ಚೌಡಿಕೆಯ ಕಾಟಗಳೂ ಕಡಿಮೆಯೇನಲ್ಲ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಬಿಸಿಲಿಗೋ ಬೆಂಕಿಯ ಕಾವಿಗೋ ಹಿಡಿದರೆ ಮತ್ತೆ ಬಿಗಿಯುತ್ತದೆ. ದೊಡ್ಡ ಜಾತ್ರೆಗಳು ಪುಷ್ಯ, ಮಾಘದ ಒಣ ಹವೆಯಲ್ಲಿ ಬರುವುದು ವಾದ್ಯದ ಪುಣ್ಯವೆನ್ನಬೇಕು. ಚರ್ಮ ಹರಿದರೆ ಹೊಸದು ಹೊದಿಸುತ್ತಾರೆ, ತಂತಿ ಹೋದರೆ ಹೊಸದು ಕಟ್ಟುತ್ತಾರೆ. ಬ್ಯಾಟರಿ ಮುಗಿಯಿತೆಂದು ಹಾಡು ನಿಲ್ಲುವ ಮಾತಿಲ್ಲ.

ಇದು ಚರ್ಮವಾದ್ಯವೋ ತಂತಿವಾದ್ಯವೋ ಎಂಬ ಪ್ರಶ್ನೆ ವಿದ್ವಾಂಸರನ್ನೂ ಕಾಡಿದೆ. 1914ರಲ್ಲಿ ಲೋಕದ ವಾದ್ಯಗಳನ್ನೆಲ್ಲ ವರ್ಗೀಕರಿಸಿದ ಹಾರ್ನ್‌ಬಾಸ್ಟೆಲ್ ಮತ್ತು ಸ್ಯಾಕ್ಸ್, ಈ ಬಗೆಯ ಭಾರತೀಯ ವಾದ್ಯಗಳಿಗಾಗಿಯೇ ‘ಮೀಟುವ ಡೋಲು’ ಎಂಬ ಬೇರೆ ಗುಂಪು ಮಾಡಿ ಚರ್ಮವಾದ್ಯಗಳ ಸಾಲಿಗೆ ಸೇರಿಸಿದರು. ನಂತರದವರು ಒಪ್ಪಲಿಲ್ಲ. ನುಡಿಯುವುದು ತಂತಿ, ಚರ್ಮ ಬರೀ ದನಿ ಹಿಗ್ಗಿಸುತ್ತದೆ, ಆದ್ದರಿಂದ ಇದು ಬಿಗಿ ಬದಲಿಸುವ ತಂತಿವಾದ್ಯ ಎಂದು ವಾದಿಸಿದರು. ಜಗಳ ಏನೇ ಇರಲಿ, ಕುಟುಂಬ ದೊಡ್ಡದು. ಬಂಗಾಳದ ಬಾವುಲರ ಖಮಕ್, ರಾಜಸ್ಥಾನದ ಮೇವಾತಿನ ಭಪಂಗ್ ಇದರ ದೂರದ ನೆಂಟರು. ಮಹಾರಾಷ್ಟ್ರದ ಚೌಂಡಕ ತೀರ ಹತ್ತಿರದ್ದು, ಅದೂ ಯಲ್ಲಮ್ಮನ ಭಕ್ತರ ಕೈಯಲ್ಲಿಯೇ ಇರುವಂಥದ್ದು. ಕೊಲ್ಹಾಪುರ, ಸಾಂಗಲಿಯಿಂದ ಗುಡ್ಡಕ್ಕೆ ಬರುವವರ ಮರಾಠಿ ಹಾಡೂ ಇಲ್ಲಿನ ಕನ್ನಡ ಹಾಡೂ ಒಂದೇ ದನಿಯ ಮೇಲೆ ನಡೆಯುತ್ತವೆ.

ಹಾಡುಗಾರರಿಗೆ ಈ ವರ್ಗೀಕರಣದ ಚಿಂತೆಯಿಲ್ಲ. ಅವರ ಕತೆಯಲ್ಲಿ ವಾದ್ಯ ಮಾಡಿದವನು ಪರಶುರಾಮ. ತಂದೆ ಜಮದಗ್ನಿಯನ್ನು ಕೊಂದ ಕಾರ್ತವೀರ್ಯನ ಮೇಲೆ ಸೇಡು ತೀರಿಸಿಕೊಂಡು, ಅವನ ದೇಹದಿಂದಲೇ ಚೌಡಿಕೆ ಕಟ್ಟಿ, ತಾಯಿ ರೇಣುಕೆಯ, ಅಂದರೆ ಯಲ್ಲಮ್ಮನ ಮುಂದೆ ನುಡಿಸಿದನಂತೆ. ವಾದ್ಯವನ್ನು ಕೈಯಲ್ಲಿ ಹಿಡಿದು ಈ ಕತೆ ಕೇಳಿದರೆ ಚರ್ಮ ಮತ್ತು ನರದ ತಂತಿಗೆ ಬೇರೆಯೇ ಅರ್ಥ ಬರುತ್ತದೆ. ಚೌಡಿಕೆ ಪದಗಳ ಮುಖ್ಯ ಸರಕು ಈ ರೇಣುಕೆಯ ಕತೆಯೇ: ಮರಳಿನ ಕೊಡದಲ್ಲಿ ನೀರು ತರುತ್ತಿದ್ದ ಸತಿ, ಒಮ್ಮೆ ಕದಲಿದ ಮನಸ್ಸು, ಗಂಡನ ಕೋಪ, ಮಗನ ಕೊಡಲಿ. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಕವಲುಗಳು ಅದಕ್ಕಿವೆ. ಹಾಡಿನ ನಡುನಡುವೆ ಮಾತು ಬರುತ್ತದೆ, ಹಿಮ್ಮೇಳದವರು ಹೂಂಗುಟ್ಟುತ್ತಾರೆ, ಆಗ ಚೌಡಿಕೆ ತಗ್ಗಿದ ದನಿಯಲ್ಲಿ ಲಯ ಕಾಯುತ್ತ ಕೂರುತ್ತದೆ.

ಗುಡ್ಡದ ಮೇಲಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುತ್ತದೆ. ಸವದತ್ತಿ ಪಟ್ಟಣದಿಂದ ಸುಮಾರು ಐದು ಕಿಲೋಮೀಟರು. ಜೋಗುಳಬಾವಿಯಲ್ಲಿ ಮಿಂದು ಸತ್ಯವ್ವನಿಗೆ ಕೈಮುಗಿದು ಮೇಲೇರುವುದು ವಾಡಿಕೆ. ಬೈಲಹೊಂಗಲ, ರಾಮದುರ್ಗದ ಕಡೆಯ ಒಕ್ಕಲು ಮನೆತನದವರು ಈಗಲೂ ಚಕ್ಕಡಿ ಹೂಡಿಕೊಂಡು ಬರುವುದುಂಟು. ಬಯಲಲ್ಲಿ ಬಿಡಾರ ಹೂಡಿ, ಹೋಳಿಗೆ, ಕಡುಬು ಮಾಡಿ, ಪಡ್ಡಲಗಿ ತುಂಬಿಸುವಾಗ ಚೌಡಿಕೆಯವರನ್ನು ಕರೆಸಿ ಹಾಡಿಸುತ್ತಾರೆ. ಮೇಳದವರಿಗೆ ಸಿಗುವ ಸಂಭಾವನೆ ಆ ಬಿಡಾರದವರ ಮನಸ್ಸಿಗೆ ಬಂದಷ್ಟು.

ಈ ವಾದ್ಯದ ಬಗ್ಗೆ ಬರೆಯುವಾಗ ಮುತ್ತು ಕಟ್ಟುವುದರ, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ದೇವಿಗೆ ಬಿಡುವುದರ ಮಾತು ಬಿಟ್ಟರೆ ಅದು ಸುಳ್ಳು ಪರಿಚಯವಾಗುತ್ತದೆ. ಚೌಡಿಕೆ ಬಹುಪಾಲು ದಲಿತ ಹೆಣ್ಣುಮಕ್ಕಳ ಕೈಗೆ ಬಂದದ್ದು ಅವರು ಆರಿಸಿಕೊಂಡದ್ದರಿಂದಲ್ಲ. ಚಿಕ್ಕ ವಯಸ್ಸಿನಲ್ಲಿ ದೇವಿಗೆ ಬಿಟ್ಟ ಮೇಲೆ ಜೋಗ ಬೇಡುವುದು ಬದುಕಾಯಿತು, ಅದಕ್ಕೆ ಹಾಡು ಬೇಕಾಯಿತು. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1934ರಲ್ಲೇ ದೇವದಾಸಿಯರ ರಕ್ಷಣೆಗೆ ಕಾನೂನು ಬಂದಿತ್ತು. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು ಊರೂರಿಗೆ ತಿರುಗಿದ್ದರಿಂದ ಆ ಕಾನೂನಿಗೆ ಜೀವ ಬಂತು. ಬೆಳಗಾವಿ ಜಿಲ್ಲೆಯ ಇಂಥ ಹೋರಾಟದ ಮುಂಚೂಣಿಯಲ್ಲಿದ್ದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಮುತ್ತು ಕಟ್ಟುವುದು ನಿಂತರೆ ಚೌಡಿಕೆಯೂ ನಿಲ್ಲುತ್ತದೆ ಎಂದು ಹಳಹಳಿಸುವವರಿದ್ದಾರೆ. ಹಾಡು ಉಳಿಯಲೆಂದು ಹುಡುಗಿಯರ ಬಾಳು ಕೇಳುವ ವಾದವಿದು; ಇದಕ್ಕೆ ಉತ್ತರ ಕೊಡಬೇಕಾದದ್ದು ವಾದ್ಯವನ್ನು ಬೇರೆ ದಾರಿಯಿಂದ ಕಲಿಸುವವರು.

ಅಂಥ ದಾರಿ ಇಲ್ಲವೆಂದೇನಿಲ್ಲ. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿ ದಾವಣಗೆರೆಯ ಬಸ್‌ ನಿಲ್ದಾಣದಲ್ಲಿ ತಂದೆ ಹಾಡುವುದನ್ನೂ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನೂ ಕಂಡು ಈ ಕಲೆಗೆ ಮನಸೋತವರು. ಮುಂದೆ ಕಾಳವ್ವ ಜೋಗತಿಯವರ ಗರಡಿಯಲ್ಲಿ ಪಳಗಿ ಜೋಗತಿ ನೃತ್ಯವನ್ನು ಮನೆಬಾಗಿಲಿನಿಂದ ರಂಗದ ಮೇಲೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ, ಯಲ್ಲಮ್ಮನ ಭಕ್ತರಾದ ಲಿಂಗತ್ವ ಅಲ್ಪಸಂಖ್ಯಾತ ಜೋಗಪ್ಪಗಳ ಜತೆ ಒಂದೇ ವೇದಿಕೆಯಲ್ಲಿ ಕೂತು ಹಾಡಿದ್ದಾರೆ. ಅಲ್ಲಿ ಚೌಡಿಕೆ ತಂಬೂರಿಯ ಪಕ್ಕದಲ್ಲಿತ್ತು.

ವೇದಿಕೆಗೆ ಬಂದ ಚೌಡಿಕೆಗೆ ಹೊಸ ತೊಡಕುಗಳಿವೆ. ಗಿಟಾರಿನಂತೆ ವೈರು ಸಿಕ್ಕಿಸುವ ಜಾಗ ಇದಕ್ಕಿಲ್ಲ, ಮೈಕಿನ ಮುಂದೆ ಹಿಡಿಯಬೇಕು. ಚರ್ಮದ ಕಡೆ ಮೈಕಿಟ್ಟರೆ ಗುಂಯ್ಗುಟ್ಟುತ್ತದೆ, ತೆರೆದ ಬಾಯಿಯ ಕಡೆ ಇಟ್ಟರೆ ತಂತಿಯ ಸದ್ದೇ ಹೆಚ್ಚು. ಹಾಡುತ್ತ ಮೈ ತೂಗುವವರಿಗೆ ಒಂದೇ ಕಡೆ ನಿಲ್ಲಿ ಎಂದರೆ ಹಾಡೇ ಕೆಡುತ್ತದೆ. ಧ್ವನಿಮುದ್ರಿತ ಯಲ್ಲಮ್ಮನ ಹಾಡುಗಳಲ್ಲಿ ಎಷ್ಟೋ ಕಡೆ ಕೀಬೋರ್ಡೇ ಚೌಡಿಕೆಯ ಪಾತ್ರ ಮಾಡುತ್ತದೆ. ಸ್ವರ ಜಾರಿಸಲು ಎಡಬದಿಯಲ್ಲೊಂದು ಪುಟ್ಟ ಚಕ್ರವಿದೆ, ಅದನ್ನು ತಿರುಗಿಸಿದರಾಯಿತು. ಕೇಳಲು ಅಂದವೇ. ಆದರೆ ಪ್ರತಿ ಸಲವೂ ಅದೇ ಅಳತೆಯ ಜಾರು. ಹಾಡುವವರ ಉಸಿರು ಕಟ್ಟಿದಾಗ ತಡೆದು ನಿಲ್ಲುವ ಕೈ ಅಲ್ಲಿಲ್ಲ.

ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ, ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ನೆನಪಿಗೆ ನಡೆಯುವ ಉತ್ಸವಗಳಲ್ಲಿ ಜಾನಪದ ತಂಡಗಳ ಮೆರವಣಿಗೆ ಇದ್ದೇ ಇರುತ್ತದೆ. ಆದರೆ ಡೊಳ್ಳು, ಜಗ್ಗಲಿಗೆಗಳ ಆರ್ಭಟದ ನಡುವೆ ಚೌಡಿಕೆ ಕೂಡ ಕೇಳುವುದಕ್ಕಿಂತ ಕಾಣುವುದೇ ಹೆಚ್ಚು. ಸರಿಯಾಗಿ ಕೇಳಬೇಕೆನ್ನುವವರು ಬನದ ಹುಣ್ಣಿಮೆಯ ಮುನ್ನಾದಿನವೇ ಗುಡ್ಡಕ್ಕೆ ಹೋಗುವುದು ಒಳ್ಳೆಯದು. ಗುಡಿಯ ಮುಂದಿನ ನೂಕುನುಗ್ಗಲು ಬಿಟ್ಟು ಚಕ್ಕಡಿ, ಟ್ರ್ಯಾಕ್ಟರುಗಳ ಬಿಡಾರದ ಕಡೆ ನಡೆಯಬೇಕು. ಊಟದ ಹೊತ್ತು ಮುಗಿದು ಪಡ್ಡಲಗಿ ತುಂಬುವ ವೇಳೆಗೆ ಯಾವುದಾದರೂ ಬಿಡಾರದಲ್ಲಿ ಮೇಳ ಕೂತಿರುತ್ತದೆ. ಕೇಳಿದ ಮೇಲೆ ಅವರ ಮುಂದಿನ ತಟ್ಟೆಗೆ ಕೈಲಾದಷ್ಟು ಹಾಕಿದರೆ ಭಂಡಾರ ಹಚ್ಚಿ ಕಳಿಸುತ್ತಾರೆ.