ಉಂಡ ಮೇಲಿನ ಸಂಕಟ

ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಭಾಗವನ್ನು ಕಳೆದುಕೊಂಡ ನನ್ನಂಥವರಿಗೆ ಹಬ್ಬದೂಟವೆಂದರೆ ಅಳುಕು. ಪಾಯಸ ಕುಡಿದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ. ವೈದ್ಯರು ಇದನ್ನು ‘ಡಂಪಿಂಗ್ ಸಿಂಡ್ರೋಮ್’ ಎನ್ನುತ್ತಾರೆ.

1881ರಲ್ಲಿ ವಿಯೆನ್ನಾದ ಥಿಯೋಡೋರ್ ಬಿಲ್‌ರಾತ್ ಜಠರದ ಕ್ಯಾನ್ಸರ್ ಪೀಡಿತ ಭಾಗವನ್ನು ಯಶಸ್ವಿಯಾಗಿ ತೆಗೆದಂದಿನಿಂದ ಈ ಚಿಕಿತ್ಸೆ ಅಸಂಖ್ಯ ಜೀವ ಉಳಿಸಿದೆ. ಆದರೆ ಆಹಾರವನ್ನು ತುಸುತುಸುವೇ ಕರುಳಿಗೆ ಬಿಡುವ ಪೈಲೋರಸ್ ಎಂಬ ಕಾವಲು ಸ್ನಾಯು ಇಲ್ಲವಾದಾಗ, ಉಂಡದ್ದು ಒಮ್ಮೆಲೇ ಸಣ್ಣಕರುಳಿಗೆ ಸುರಿದು ರಕ್ತದಲ್ಲಿನ ನೀರನ್ನು ಸೆಳೆಯುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಬಳಿಕ ಇನ್ನೊಂದು ಸಂಕಟ: ಅತಿಯಾಗಿ ಸ್ರವಿಸಿದ ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ಕುಸಿದು ನಡುಕ, ತಲೆಸುತ್ತು.

ಪರಿಹಾರ ದುಬಾರಿಯೇನಲ್ಲ. ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವೇ ಊಟ, ಸಿಹಿಗೆ ಕಡಿವಾಣ, ಬೇಳೆಕಾಳು, ಮೊಟ್ಟೆಯಂಥ ಪ್ರೋಟೀನ್. ಉಣ್ಣುವಾಗ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿದರಾಯಿತು. ಬಿ12 ಜೀವಸತ್ವದ ಕೊರತೆಯ ಮೇಲೂ ನಿಗಾ ಬೇಕು.

ಇಷ್ಟನ್ನು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯಿತ್ತು, ಊಟದ ಮಾತಿರಲಿಲ್ಲ. ಹೊಲಿಗೆ ಬಿಚ್ಚಿದಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ರೋಗಿಗೂ ಮನೆಯಲ್ಲಿ ಅಡುಗೆ ಮಾಡುವವರಿಗೂ ಕನ್ನಡದಲ್ಲಿ ಒಂದು ಪುಟದ ಆಹಾರ ಸೂಚನೆ ಕೊಡುವುದು ಆಸ್ಪತ್ರೆಗಳಿಗೆ ಹೊರೆಯೇ? ಬಡಿಸುವವರಲ್ಲೂ ಒಂದು ಅರಿಕೆ: ಎಲೆಯ ಮುಂದೆ ‘ಸಾಕು’ ಎಂದವರನ್ನು ದಯವಿಟ್ಟು ಒತ್ತಾಯಿಸಬೇಡಿ. ಅದು ಸಂಕೋಚವಲ್ಲ, ಪಥ್ಯ.